ಡ್ರೈಯರ್ ಕಿರುಚಿದರೆ ಮೋಟಾರ್ ಒಂದನ್ನೇ ದೂರಬೇಡಿ

ಪ್ರಶ್ನೆ: ನಮ್ಮದು 7 ಕೆ.ಜಿ. ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷಿನ್. ತಗೊಂಡು ಆರು ವರ್ಷ ಆಯಿತು. ಒಗೆಯುವ ಕಡೆ ಏನೂ ತೊಂದರೆ ಇಲ್ಲ. ಡ್ರೈಯರ್ ಮಾತ್ರ ಮೊದಲಿಂದಲೂ ಆಗೊಮ್ಮೆ ಈಗೊಮ್ಮೆ ಧಡಧಡ ಅನ್ನುತ್ತಿತ್ತು, ಮಷಿನ್ ಜಾಗ ಬಿಟ್ಟು ಸರಿಯುತ್ತಿತ್ತು. ಬಟ್ಟೆ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತಿತ್ತು. ಈಗ ಎರಡು ತಿಂಗಳಿಂದ ಬೇರೆ ಥರದ ಸದ್ದು. ಖಾಲಿ ಓಡಿಸಿದರೂ ಕಿರ್ರ್ ಅಂತ ಕಿರುಚುತ್ತದೆ, ವೇಗ ಹೆಚ್ಚಿದಂತೆ ಜೋರಾಗುತ್ತದೆ. ಮುಚ್ಚಳ ತೆಗೆದ ಮೇಲೂ ಟಬ್ ಬಹಳ ಹೊತ್ತು ತಿರುಗುತ್ತಲೇ ಇರುತ್ತದೆ, ಅತ್ತೆ ಕೈಯಲ್ಲಿ ಹಿಡಿದು ನಿಲ್ಲಿಸುತ್ತಾರೆ. ಡ್ರೈಯರ್ ಇರುವ ಕಡೆ ಕೆಳಗೆ ನೆಲ ಒದ್ದೆಯಾಗಿರುತ್ತದೆ. ರಿಪೇರಿಯವರು ಬಂದು, ಒಂದು ಸಲ ಓಡಿಸಿ ಕೇಳಿ, "ಮೋಟಾರ್ ಹೋಗಿದೆ, ಹೊಸದು ಹಾಕಬೇಕು, ಅದರ ಬದಲು ಮಷಿನ್ನೇ ಬದಲಾಯಿಸಿ" ಅಂದರು. ಪಕ್ಕದ ಮನೆಯವರು ಟಬ್ಬಿನ ಬುಡಕ್ಕೆ ಎಣ್ಣೆ ಬಿಡಿ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಗೃಹಿಣಿ, ದಾವಣಗೆರೆ

ಉತ್ತರ: ಎಲ್ಲಕ್ಕಿಂತ ಮೊದಲು ನಿಮ್ಮ ಅತ್ತೆಯವರಿಗೆ ಇವತ್ತೇ ಹೇಳಿ, ತಿರುಗುವ ಟಬ್ಬಿಗೆ ಕೈ ಹಾಕುವುದು ಬೇಡ. ಸೆಮಿ ಆಟೊಮ್ಯಾಟಿಕ್ ಮಷಿನ್ನಿನ ಡ್ರೈಯರ್ ನಿಮಿಷಕ್ಕೆ ಸುಮಾರು 1300ರಿಂದ 1400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು. ಕರೆಂಟ್ ಕಡಿದ ಮೇಲೆ ನಿಧಾನವಾದಂತೆ ಕಂಡರೂ ಒದ್ದೆ ಬಟ್ಟೆಯ ತುದಿಯೊಂದು ಬೆರಳಿಗೋ ಬಳೆಗೋ ಸುತ್ತಿಕೊಂಡರೆ ಕೈ ತಿರುಚಿಹೋಗುತ್ತದೆ. ಮುಚ್ಚಳ ತೆಗೆದ 15 ಸೆಕೆಂಡಿನೊಳಗೆ ಟಬ್ ನಿಲ್ಲದಿದ್ದರೆ ಮಷಿನ್ ಬಳಸಬೇಡಿ ಎಂದು ಮಷಿನ್ ಜೊತೆ ಬರುವ ಪುಸ್ತಕಗಳಲ್ಲೇ ಬರೆದಿರುತ್ತದೆ. ನಿಮ್ಮದು ಆ ಹಂತಕ್ಕೆ ಬಂದಿದೆ. ರಿಪೇರಿ ಆಗುವವರೆಗೆ ಡ್ರೈಯರ್ ಓಡಿಸಲೇಬೇಡಿ, ಬಟ್ಟೆಯನ್ನು ಕೈಯಲ್ಲಿ ಹಿಂಡಿ ಒಣಹಾಕಿ.

ಇನ್ನು ಸದ್ದಿನ ವಿಷಯ. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ಕಥೆಗಳು ಸೇರಿಕೊಂಡಿವೆ. ಮೊದಲಿಂದ ಇದ್ದ ಧಡಧಡ ಬಟ್ಟೆ ತುಂಬುವ ರೀತಿಯಿಂದ ಬಂದದ್ದು, ಅದಕ್ಕೆ ರಿಪೇರಿಯೇ ಬೇಡ. ಎರಡು ತಿಂಗಳಿಂದ ಬಂದಿರುವ ಕಿರುಚಾಟ, ನಿಲ್ಲದ ಟಬ್, ಒದ್ದೆ ನೆಲ, ಈ ಮೂರೂ ಒಟ್ಟಿಗೆ ಶುರುವಾಗಿದ್ದರೆ ಮೂರಕ್ಕೂ ಮೂಲ ಒಂದೇ ಇರುವ ಸಾಧ್ಯತೆ ಹೆಚ್ಚು. ಟಬ್ಬಿನ ಬುಡದಲ್ಲಿರುವ ರಬ್ಬರ್ ಸೀಲ್ ಸವೆದು ನೀರು ಬಿಡುತ್ತಿದೆ. ಮೋಟಾರಿಗೂ ಪೆಟ್ಟು ಬಿದ್ದಿರಬಹುದು, ರಿಪೇರಿಯವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ಸೀಲ್ ಹಾಗೇ ಬಿಟ್ಟು ಮೋಟಾರ್ ಮಾತ್ರ ಬದಲಾಯಿಸಿದರೆ ಹೊಸ ಮೋಟಾರಿನ ತಲೆ ಮೇಲೂ ಅದೇ ನೀರು ಬೀಳುತ್ತದೆ, ಅದೂ ಇದೇ ದಾರಿ ಹಿಡಿಯುತ್ತದೆ.

ಒಳಗೆ ಏನಿದೆ

ಸೆಮಿ ಆಟೊಮ್ಯಾಟಿಕ್ ಮಷಿನ್ನಿನಲ್ಲಿ ಎರಡು ಮೋಟಾರ್ ಇರುತ್ತವೆ. ಒಗೆಯುವ ಮೋಟಾರ್ ಬೆಲ್ಟ್ ಮೂಲಕ ಕೆಲಸ ಮಾಡುತ್ತದೆ. ಡ್ರೈಯರ್ ಮೋಟಾರಿಗೆ ಬೆಲ್ಟ್ ಇಲ್ಲ, ಅದು ಟಬ್ಬಿನ ನೇರ ಕೆಳಗೆ ಮೂರು ಸ್ಪ್ರಿಂಗುಗಳ ಮೇಲೆ ನಿಂತಿರುತ್ತದೆ. ಅದರ ಶಾಫ್ಟಿನ, ಅಂದರೆ ತಿರುಗುವ ಲೋಹದ ಕಂಬಿಯ, ಮೇಲೆ ಬಟ್ಟಲಿನಾಕಾರದ ಬ್ರೇಕ್ ಡ್ರಮ್ ಕೂತಿರುತ್ತದೆ. ಮೋಟಾರನ್ನೂ ಟಬ್ಬನ್ನೂ ಜೋಡಿಸುವ ಕಪ್ಲಿಂಗ್ ಕೂಡ ಅದೇ. ಮೇಲಿಂದ ಬರುವ ಟಬ್ಬಿನ ಶಾಫ್ಟ್ ಅದರೊಳಗೆ ಇಳಿದು, ಪಕ್ಕದಿಂದ ಬೋಲ್ಟ್ ಹಾಕಿ ಬಿಗಿದಿರುತ್ತದೆ. ತೂತುಗಳಿರುವ ಒಳ ಟಬ್ ತಿರುಗುತ್ತದೆ, ಅದರ ಸುತ್ತಲಿನ ಹೊರ ಟಬ್ ತಿರುಗುವುದಿಲ್ಲ, ಬಟ್ಟೆ ಬಿಟ್ಟ ನೀರನ್ನು ಹಿಡಿದು ಪೈಪಿಗೆ ಕಳಿಸುತ್ತದೆ. ಈ ಹೊರ ಟಬ್ಬಿನ ತಳ ತೂರಿ ಶಾಫ್ಟ್ ಕೆಳಗಿಳಿಯುವ ಜಾಗದಲ್ಲೇ ಸೀಲ್ ಇರುವುದು. ಮಡಿಕೆ ಮಡಿಕೆಯಾದ ಮೆತ್ತನೆ ರಬ್ಬರ್, ನಡುವೆ ಶಾಫ್ಟ್ ತಿರುಗಲು ಬಳೆಯಂಥ ಒಂದು ಬುಷ್. ಟಬ್ ಓಲಾಡಿದರೆ ತಾನೂ ಓಲಾಡಬೇಕು, ಜೊತೆಗೆ ನೀರನ್ನೂ ತಡೆಯಬೇಕು, ಎರಡೂ ಅದರದೇ ಕೆಲಸ.

ಶಾಫ್ಟನ್ನು ಅಪ್ಪಿಕೊಂಡಿರುವ ಆ ರಬ್ಬರಿನ ಅಂಚು, ಅಂದರೆ ತುಟಿ, ಗಟ್ಟಿಯಾಗಿ ಬಿರುಕು ಬಿಟ್ಟಾಗ ನೀರು ಶಾಫ್ಟ್ ಹಿಡಿದುಕೊಂಡು ಜಾರುತ್ತದೆ. ಮೊದಲು ಸಿಗುವುದು ಬ್ರೇಕ್ ಡ್ರಮ್. ಡ್ರಮ್ ಒದ್ದೆಯಾದರೆ, ಅದರಲ್ಲೂ ಸೋಪಿನ ನೀರಿನಿಂದ ಒದ್ದೆಯಾದರೆ, ಡ್ರಮ್ಮನ್ನು ಒತ್ತಿ ನಿಲ್ಲಿಸುವ ಬ್ರೇಕ್ ಶೂ ಜಾರುತ್ತದೆ, ಟಬ್ ನಿಲ್ಲುವುದಿಲ್ಲ. ಇನ್ನೂ ಕೆಳಗೆ ಹೋದ ನೀರು ಮೋಟಾರಿನ ಮೇಲಿನ ಬೇರಿಂಗಿಗೆ ಇಳಿಯುತ್ತದೆ. ಕೆಲವು ಮೋಟಾರಿನಲ್ಲಿ ಬುಷ್ ಇರುತ್ತದೆ, ಕೆಲವದರಲ್ಲಿ ಬಾಲ್ ಬೇರಿಂಗ್. ಯಾವುದಿದ್ದರೂ ಎಣ್ಣೆಯೋ ಗ್ರೀಸೋ ತೊಳೆದುಹೋಗಿ ತುಕ್ಕು ಹಿಡಿಯುತ್ತದೆ, ಆಗ ಕಿರುಚಲು ಶುರು. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಗಳಲ್ಲಿ ಶಾಫ್ಟಿನ ಮೇಲೆ ಬಿಳಿ ಉಪ್ಪು ಕಟ್ಟಿ ಸೀಲಿನ ತುಟಿಯನ್ನು ಉಜ್ಜುತ್ತದೆ, ಹಾಗಾಗಿ ಅಂಥ ಕಡೆ ಸೀಲ್ ಬೇಗ ಸವೆಯುತ್ತದೆ.

ಎಣ್ಣೆ ಬಿಡಿ ಎನ್ನುವ ಸಲಹೆಯ ಅಪಾಯ ಇದರಿಂದಲೇ ಗೊತ್ತಾಗುತ್ತದೆ. ಟಬ್ಬಿನ ಬುಡಕ್ಕೆ ಬಿಟ್ಟ ಎಣ್ಣೆ ನೀರು ಹೋದ ದಾರಿಯಲ್ಲೇ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಈಗಾಗಲೇ ಸೋತಿರುವ ಬ್ರೇಕ್ ಪೂರ್ತಿ ಕೈಬಿಡುತ್ತದೆ. ಯಂತ್ರದ ಎಣ್ಣೆಯಾದರೆ ಸೀಲಿನ ರಬ್ಬರ್ ಉಬ್ಬಿ ಮೆತ್ತಗಾಗುವ ಭಯವೂ ಇದೆ. ಎರಡು ದಿನ ಕಿರುಚಾಟ ನಿಂತಂತೆ ಕಾಣಬಹುದು, ಅದನ್ನು ನಂಬಿ ಕೂರಬೇಡಿ.

ಖಚಿತ ಮಾಡಿಕೊಳ್ಳುವುದು ಹೇಗೆ

ಒದ್ದೆ ನೆಲಕ್ಕೆ ಕಾರಣ ಸೀಲೋ, ನೀರು ಹೋಗುವ ಪೈಪಿನ ಜಾಯಿಂಟೋ ಎಂಬುದನ್ನು ಮೊದಲು ಬೇರೆ ಮಾಡಬೇಕು. ಮಷಿನ್ ಕೆಳಗೆ ಒಣ ಪೇಪರ್ ಹಾಸಿ. ಒಗೆಯುವ ಕಡೆ ಅರ್ಧ ನೀರು ತುಂಬಿ, ಡ್ರೈಯರ್ ಓಡಿಸದೆ ನೀರು ಬಿಡಿ. ಪೇಪರ್ ನೆನೆದರೆ ಮೊದಲು ಪೈಪ್, ಕ್ಲಿಪ್, ವಾಲ್ವ್ ಇರುವ ಡಬ್ಬಿ ನೋಡಿ. ನೆನೆಯದಿದ್ದರೆ ಡ್ರೈಯರ್ ಟಬ್ಬಿನ ನಡುಭಾಗಕ್ಕೆ ಎರಡು ಮಗ್ ನೀರು ನಿಧಾನವಾಗಿ ಸುರಿದು ಹತ್ತು ನಿಮಿಷ ಕಾಯಿರಿ. ಈಗ ಮೋಟಾರಿನ ನೇರಕ್ಕೆ ಪೇಪರಿನ ಮೇಲೆ ಹನಿ ಬಿದ್ದಿದ್ದರೆ ಅದು ಸೀಲೇ.

ಮುಂದಿನದು ಹಿಂಬದಿ ಮುಚ್ಚಳ ತೆಗೆದು ನೋಡುವ ಕೆಲಸ. ಪ್ಲಗ್ ಕಿತ್ತು ಕೈಯಳತೆಯಿಂದ ದೂರ ಇಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಒಳಗಿನ ಕೆಪಾಸಿಟರ್, ಅಂದರೆ ಮೋಟಾರ್ ಓಡಲು ಕರೆಂಟ್ ಕೂಡಿಟ್ಟುಕೊಳ್ಳುವ ಬಿಡಿಭಾಗ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಶಾಕ್ ಹೊಡೆಯಬಲ್ಲದು, ಅದರ ತಂತಿಗಳನ್ನು ಮುಟ್ಟಬೇಡಿ. ಇಷ್ಟು ಧೈರ್ಯ ಇಲ್ಲದಿದ್ದರೆ ಬಿಟ್ಟುಬಿಡಿ, ರಿಪೇರಿಯವರ ಕೈಯಲ್ಲಿ ಇದೇ ಪರೀಕ್ಷೆ ಮಾಡಿಸಿ, ನೀವು ಪಕ್ಕದಲ್ಲಿ ನಿಂತು ನೋಡಿ.

ಟಾರ್ಚ್ ಹಾಕಿದರೆ ಡ್ರಮ್, ಅದರ ಪಕ್ಕದಲ್ಲಿ ಬ್ರೇಕ್ ಶೂ, ಶೂ ಎಳೆಯುವ ವೈರ್, ಕೆಳಗೆ ಮೋಟಾರ್ ಕಾಣುತ್ತವೆ. ಡ್ರಮ್ಮಿನ ಸುತ್ತಲಿನ ಪ್ಲಾಸ್ಟಿಕ್ ಗೋಡೆಯ ಮೇಲೆ ಒಂದೇ ಎತ್ತರದಲ್ಲಿ ತುಕ್ಕು ಬಣ್ಣದ ಚಿಮುಕುಗಳು ಗೆರೆಯಂತೆ ಬಿದ್ದಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಸೋರಿದ ನೀರನ್ನು ತಿರುಗುವ ಡ್ರಮ್ ಸುತ್ತಲೂ ಎರಚಿದ ಗುರುತು ಅದು. ಮೋಟಾರಿನ ತಲೆ ಮೇಲೆ, ಶಾಫ್ಟ್ ಹೊರಬರುವ ಜಾಗದಲ್ಲಿ, ಕೆಂಪು ಪುಡಿ ಇದ್ದರೆ ನೀರು ಬೇರಿಂಗಿನವರೆಗೂ ಹೋಗಿದೆ ಎಂದರ್ಥ.

ಈಗ ಡ್ರಮ್ ಕೈಯಲ್ಲಿ ತಿರುಗಿಸಿ ನೋಡಬೇಕು. ಇಲ್ಲೊಂದು ಎಚ್ಚರ: ಡ್ರೈಯರ್ ಮುಚ್ಚಳ ತೆರೆದಿದ್ದರೆ ಬ್ರೇಕ್ ಹಿಡಿದೇ ಇರುತ್ತದೆ, ಆಗ ಬಿಗಿ ಅನ್ನಿಸಿದರೆ ಅದು ದೋಷವಲ್ಲ. ಮುಚ್ಚಳ ಹಾಕಿ. ಶೂ ಡ್ರಮ್ಮಿನಿಂದ ಪೂರ್ತಿ ಬಿಟ್ಟು ನಿಲ್ಲಬೇಕು, ನಡುವೆ ಬೆಳಕು ಕಾಣಬೇಕು. ಆಗ ಡ್ರಮ್ ಒಂದು ತಳ್ಳಿಗೆ ಸಲೀಸಾಗಿ ಕೆಲವು ಸುತ್ತು ಹೋಗಬೇಕು. ಮರಳು ಸಿಕ್ಕಂತೆ ಗರಗರ ಎಂದರೆ ಬೇರಿಂಗ್ ಕೆಟ್ಟಿದೆ. ಶೂ ಒಂದು ಕಡೆ ತಾಗಿಕೊಂಡೇ ಇದ್ದರೆ ಕಿರುಚಾಟಕ್ಕೆ ಅದೂ ಕಾರಣವಾಗಬಹುದು: ಬ್ರೇಕ್ ವೈರ್ ಜಗ್ಗಿ ಉದ್ದವಾಗಿರುತ್ತದೆ, ಮುಚ್ಚಳ ಹಾಕಿದರೂ ಶೂವನ್ನು ಸಾಕಷ್ಟು ಎಳೆಯುವುದಿಲ್ಲ. ಹಾಗಿದ್ದಾಗ ಸುಟ್ಟ ರಬ್ಬರಿನ ವಾಸನೆಯೂ ಬರುತ್ತದೆ. ಇದಕ್ಕೆ ವೈರ್ ಬಿಗಿ ಮಾಡಿಕೊಂಡರೆ ಸಾಕು. ವೈರ್ ಅತಿ ಬಿಗಿಯಾದರೂ ಕಷ್ಟವೇ, ಮುಚ್ಚಳ ತೆಗೆದಾಗ ಶೂ ಡ್ರಮ್ಮಿಗೆ ಪೂರ್ತಿ ಒತ್ತುವುದಿಲ್ಲ.

ಕಿರುಚುತ್ತಿರುವುದು ಸೀಲಿನೊಳಗಿನ ಒಣಗಿದ ಬುಷ್ಷೋ, ಮೋಟಾರಿನ ಬೇರಿಂಗೋ ಎಂದು ತೀರ್ಮಾನಿಸುವ ನೇರ ದಾರಿ ಒಂದೇ. ಕಪ್ಲಿಂಗಿನ ಬೋಲ್ಟ್ ಸಡಿಲಿಸಿ ಟಬ್ ಮೇಲಕ್ಕೆ ಎತ್ತಿ ತೆಗೆದು, ಮೋಟಾರ್ ಒಂದನ್ನೇ ಒಂದೆರಡು ಸೆಕೆಂಡ್ ಓಡಿಸಿ ಕೇಳುವುದು. ಇದನ್ನು ರಿಪೇರಿಯವರೇ ಮಾಡಲಿ. ಟಬ್ ಇಲ್ಲದೆ ಮೋಟಾರ್ ಮೆತ್ತಗೆ ಓಡಿದರೆ ಮೋಟಾರ್ ಬದಲಾಯಿಸುವ ಮಾತೇ ಬರುವುದಿಲ್ಲ. ನಿಮ್ಮಲ್ಲಿಗೆ ಬಂದವರು ಇಷ್ಟು ಮಾಡದೆ ಮೋಟಾರ್ ಹೋಗಿದೆ ಎಂದದ್ದು ನನಗೆ ಸರಿ ಕಾಣಲಿಲ್ಲ.

ಸೀಲ್ ಬದಲಾಯಿಸುವಾಗ ತಪ್ಪುವ ಜಾಗಗಳು

ಟಬ್ ತೆಗೆದಾಗ ಶಾಫ್ಟ್ ಕೈಗೆ ಸಿಗುತ್ತದೆ. ಸೀಲಿನ ತುಟಿ ಕೂರುತ್ತಿದ್ದ ಜಾಗವನ್ನು ಒರೆಸಿ, ಉಗುರಿನಿಂದ ಮೇಲೆ ಕೆಳಗೆ ಸವರಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲ್ ಹಾಕಿದರೂ ನೀರು ನಿಲ್ಲುವುದು ಕಷ್ಟ, ಆಗ ಶಾಫ್ಟ್ ಸಮೇತ ಟಬ್ ಬದಲಾಗಬೇಕು. ಬರೀ ಉಪ್ಪು ಕಟ್ಟಿದ್ದರೆ ಹುಳಿ ನೀರಿನಲ್ಲೋ ವಿನೆಗರಿನಲ್ಲೋ ಅದ್ದಿದ ಬಟ್ಟೆಯಿಂದ ಉಜ್ಜಿ ಚೆನ್ನಾಗಿ ತೊಳೆದರೆ ಸಾಕು. ಒರಟು ಉಪ್ಪುಕಾಗದ ಹಾಕಿ ತಿಕ್ಕಿದರೆ ಗೀರನ್ನು ನಾವೇ ಮಾಡಿದಂತಾಗುತ್ತದೆ.

ಸೀಲನ್ನು ಕಂಪನಿ ಮತ್ತು ಮಾಡೆಲ್ ನಂಬರ್ ಹೇಳಿಯೇ ತನ್ನಿ, ಹಳೆಯದನ್ನೂ ಅಂಗಡಿಗೆ ಒಯ್ಯಿರಿ. ನೋಡಲು ಒಂದೇ ಥರ ಕಂಡರೂ ಶಾಫ್ಟಿನ ದಪ್ಪ, ಹೊರ ಅಂಚಿನ ಅಳತೆ ಬೇರೆ ಇರುತ್ತವೆ. "ಸ್ವಲ್ಪ ಬಿಗಿ, ಆಮೇಲೆ ಸರಿಹೋಗುತ್ತೆ" ಎಂಬ ಸೀಲ್ ತರಬೇಡಿ. ಸೀಲ್ ಕೂರುವ ತೂತಿನ ಅಂಚಿನಲ್ಲಿ ಸೋಪಿನ ಹಿಟ್ಟು, ನೂಲು ಕಟ್ಟಿಕೊಂಡಿರುತ್ತದೆ, ಅದನ್ನು ಪೂರ್ತಿ ಕೆರೆದು ಒರೆಸಬೇಕು. ತುಟಿಯ ಒಳಗೆ ರಬ್ಬರಿಗೆ ಹೊಂದುವ, ನೀರಿಗೆ ಕರಗದ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ಹೆಚ್ಚು ತುಂಬಿದರೆ ಅದು ಕೆಳಗೆ ಜಾರಿ ಬ್ರೇಕಿಗೆ ಮೆತ್ತಿಕೊಳ್ಳುತ್ತದೆ.

ಕಪ್ಲಿಂಗ್ ಬಿಗಿಯುವಾಗ ಬೋಲ್ಟಿನ ತುದಿ ಶಾಫ್ಟಿನಲ್ಲಿ ಅದಕ್ಕೆಂದೇ ಇರುವ ಕುಳಿಯಲ್ಲೋ ಚಪ್ಪಟೆ ಭಾಗದಲ್ಲೋ ಕೂರಬೇಕು, ಆಮೇಲೆ ಲಾಕ್ ನಟ್ ಬಿಗಿಯಬೇಕು. ಲಾಕ್ ನಟ್ ಮರೆತರೆ ಕೆಲವೇ ವಾರದಲ್ಲಿ ಬೋಲ್ಟ್ ಸಡಿಲಾಗಿ, ಟಬ್ ಶುರುವಾಗುವಾಗ ಮತ್ತು ನಿಲ್ಲುವಾಗ ಕಟ್ ಕಟ್ ಎನ್ನಲು ಶುರುವಾಗುತ್ತದೆ. ಡ್ರಮ್ ಮತ್ತು ಶೂವನ್ನು ಒಣ ಬಟ್ಟೆಯಿಂದ ಒರೆಸಿ. ಶೂ ಗಾಜಿನಂತೆ ನುಣುಪಾಗಿದ್ದರೆ ಅಥವಾ ಎಣ್ಣೆ ಹೀರಿದ್ದರೆ ಬದಲಾಯಿಸಿ, ದೊಡ್ಡ ಖರ್ಚಿಲ್ಲ. ಕೊನೆಗೆ ಮತ್ತೆ ಪೇಪರ್ ಪರೀಕ್ಷೆ ಮಾಡಿ, ಖಾಲಿ ಟಬ್ ಓಡಿಸಿ, ಮುಚ್ಚಳ ತೆಗೆದು ಗಡಿಯಾರ ನೋಡಿ. ರಿಪೇರಿಯವರು ಹೊರಡುವ ಮೊದಲೇ ಇದೆಲ್ಲ ಆಗಬೇಕು.

ಮೊದಲಿಂದ ಇದ್ದ ಧಡಧಡ

ಶುರುವಾದ ಮೊದಲ ಕೆಲವು ಸೆಕೆಂಡ್ ಮತ್ತು ನಿಲ್ಲುವ ಮುಂಚಿನ ಕೆಲವು ಸೆಕೆಂಡ್ ಟಬ್ ಓಲಾಡುವುದು ಸಹಜ. ಸ್ಪ್ರಿಂಗಿನ ಮೇಲೆ ನಿಂತ ಭಾರಕ್ಕೆ ತನ್ನದೇ ಆದ ಒಂದು ಓಲಾಟದ ವೇಗ ಇರುತ್ತದೆ, ಟಬ್ ಆ ವೇಗ ದಾಟುವಾಗ ಅಲುಗಾಟ ಹೆಚ್ಚಾಗಿ, ದಾಟಿದ ಮೇಲೆ ತಣ್ಣಗಾಗುತ್ತದೆ. ಹತ್ತು ಸೆಕೆಂಡ್ ಕಳೆದರೂ ಬಡಿಯುತ್ತಲೇ ಇದ್ದರೆ ನಿಲ್ಲಿಸಿಬಿಡಿ. "ತಿರುಗುತ್ತಾ ತಿರುಗುತ್ತಾ ಸರಿಹೋಗುತ್ತದೆ" ಎಂದು ಮಷಿನ್ ಒತ್ತಿ ಹಿಡಿದು ನಿಲ್ಲುವವರು ಬಹಳ ಮಂದಿ. ಒಂದು ಲೆಕ್ಕ ಹೇಳುತ್ತೇನೆ. ನಡುವಿನಿಂದ 12 ಸೆಂಟಿಮೀಟರ್ ದೂರದಲ್ಲಿ ಒಂದು ಕಡೆ ಬರೀ 100 ಗ್ರಾಂ ಹೆಚ್ಚಿದ್ದರೂ, ನಿಮಿಷಕ್ಕೆ 1350 ಸುತ್ತಿನಲ್ಲಿ ಅದು ಟಬ್ಬನ್ನು ಸುಮಾರು 24 ಕೆ.ಜಿ. ಭಾರದಷ್ಟು ಬಲದಿಂದ ಪಕ್ಕಕ್ಕೆ ಜಗ್ಗುತ್ತದೆ, ಅದೂ ಪ್ರತಿ ಸುತ್ತಿನಲ್ಲೂ ದಿಕ್ಕು ಬದಲಿಸುತ್ತಾ. ಒದ್ದೆಯಾದ ಒಂದು ಜೊತೆ ಕಾಲುಚೀಲ ಆ ತೂಕ ತೂಗಬಲ್ಲದು. ಆ ಜಗ್ಗಾಟವೆಲ್ಲ ಬೀಳುವುದು ಸೀಲಿನ ಮೇಲೆ, ಬೇರಿಂಗಿನ ಮೇಲೆ, ಸ್ಪ್ರಿಂಗಿನ ಮೇಲೆ. ನಿಮ್ಮ ಸೀಲ್ ಸವೆಯಲು ಆರು ವರ್ಷದ ಈ ಧಡಧಡವೂ ಕೈಜೋಡಿಸಿದೆ.

ಬಟ್ಟೆ ತುಂಬುವಾಗ ಜೀನ್ಸ್, ಟವೆಲ್‌ನಂಥ ಭಾರದವು ತಳದಲ್ಲಿ, ಸುತ್ತಲೂ ಸಮನಾಗಿ ಇರಲಿ. ಹಗುರ ಬಟ್ಟೆ ಮೇಲೆ. ಕೈಯಿಂದ ಗೋಡೆಯ ಕಡೆಗೆ ಒತ್ತಿ, ನಡುವೆ ಸಂದಿ ಬಿಡದೆ ಕೂರಿಸಿ. ಮೇಲೆ ಪ್ಲಾಸ್ಟಿಕ್ ತಟ್ಟೆ ಇಟ್ಟು ಒತ್ತಲೇಬೇಕು. ಎಷ್ಟೋ ಮನೆಗಳಲ್ಲಿ ಆ ತಟ್ಟೆ ಕಳೆದೇ ಹೋಗಿರುತ್ತದೆ. ಅದಿಲ್ಲದಿದ್ದರೆ ಕರ್ಚೀಫು, ಕಾಲುಚೀಲ ಅಂಚು ದಾಟಿ ಒಳ ಟಬ್ ಮತ್ತು ಹೊರ ಟಬ್ಬಿನ ಸಂದಿಗೆ ಬಿದ್ದು ತಳದಲ್ಲಿ ಸಿಕ್ಕಿಕೊಳ್ಳುತ್ತವೆ. ಮಾಡೆಲ್ ಹೇಳಿದರೆ ತಟ್ಟೆ ಬಿಡಿಯಾಗಿ ಸಿಗುತ್ತದೆ. ಇನ್ನೊಂದು ವಿಷಯ, 7 ಕೆ.ಜಿ. ಎಂಬುದು ಒಗೆಯುವ ಟಬ್ಬಿನ ಲೆಕ್ಕ. ಡ್ರೈಯರ್ ಅದಕ್ಕಿಂತ ಚಿಕ್ಕದು, ಒಂದು ಸಲ ಒಗೆದದ್ದನ್ನು ಎರಡು ಸಲ ಹಾಕಿ. ಕಾಲೊರೆಸುವ ಮ್ಯಾಟ್ ಒಂದನ್ನೇ ಹಾಕಬೇಡಿ. ರೇನ್‌ಕೋಟ್, ಪ್ಲಾಸ್ಟಿಕ್ ಶೀಟ್ ಎಂದಿಗೂ ಬೇಡ, ಅವುಗಳ ಮಡಿಕೆಯಲ್ಲಿ ನಿಂತ ನೀರು ಪೂರ್ಣ ವೇಗದಲ್ಲಿ ಒಮ್ಮೆಲೆ ಒಂದು ಕಡೆ ಸರಿದರೆ ಟಬ್ಬೇ ಒಡೆಯಬಹುದು.

ನೆಲವನ್ನೂ ನೋಡಿ. ನಮ್ಮ ಬಚ್ಚಲುಗಳ ನೆಲ ನೀರು ಹೋಗುವ ಕಡೆಗೆ ಇಳಿಜಾರು. ಮಷಿನ್ನಿನ ನಾಲ್ಕು ಮೂಲೆ ಒಂದೊಂದಾಗಿ ಒತ್ತಿ, ಯಾವುದು ಅಲುಗುತ್ತದೋ ಆ ಕಾಲನ್ನು ತಿರುಗಿಸಿ ಎತ್ತರ ಮಾಡಿ. ಅಡಿಗೆ ಗೋಣಿಚೀಲ ಅಥವಾ ಥರ್ಮೋಕೋಲ್ ಹಾಕುವುದರಿಂದ ಸದ್ದು ಕಿವಿಗೆ ಕಡಿಮೆ ಕೇಳಿಸಬಹುದು, ಅಲುಗಾಟ ಹೆಚ್ಚುತ್ತದೆ, ಗಾಳಿ ಕಟ್ಟಿ ಮೋಟಾರ್ ಬಿಸಿಯಾಗುತ್ತದೆ. ಚಕ್ರದ ಸ್ಟ್ಯಾಂಡ್ ಮೇಲಿದ್ದರೆ ಡ್ರೈಯರ್ ಓಡಿಸುವಾಗ ಕೆಳಗಿಳಿಸಿ. ಸರಿಯಾಗಿ ತುಂಬಿ, ಮಟ್ಟ ಮಾಡಿದ ಮೇಲೂ ಬಡಿದರೆ ಮೂರು ಸ್ಪ್ರಿಂಗಿನಲ್ಲಿ ಒಂದು ಮುರಿದಿದೆಯೋ, ಅದರ ರಬ್ಬರ್ ಕಪ್ ಹರಿದಿದೆಯೋ ನೋಡಿಸಿ. ಬದಲಾಯಿಸುವುದಾದರೆ ಮೂರನ್ನೂ ಒಟ್ಟಿಗೆ.

ನಿಮಗಿಲ್ಲದ, ಮುಂದೆ ಬರಬಹುದಾದ ಇನ್ನೆರಡು ಸದ್ದು. ಗುಂಯ್ ಎಂದು ಟಬ್ ತಿರುಗದೆ ನಿಂತರೆ ಕೆಪಾಸಿಟರ್ ಸೋತಿರುತ್ತದೆ, ವೋಲ್ಟೇಜ್ ತೀರಾ ಕಡಿಮೆ ಇರುತ್ತದೆ, ಇಲ್ಲವೇ ಬ್ರೇಕ್ ಬಿಟ್ಟಿರುವುದಿಲ್ಲ. ಹಾಗೇ ಬಿಟ್ಟರೆ ವೈಂಡಿಂಗ್, ಅಂದರೆ ಮೋಟಾರಿನೊಳಗೆ ಸುತ್ತಿದ ತಂತಿ, ಸುಡುತ್ತದೆ, ತಕ್ಷಣ ಆಫ್ ಮಾಡಿ. ನೀರಿನಲ್ಲಿ ಕಡೆದಂತೆ ಸದ್ದು ಬಂದು ನೊರೆ ಮೇಲೆದ್ದರೆ ನೀರು ಹೋಗುವ ಪೈಪನ್ನು ಕೆಳಗಿಳಿಸಿಲ್ಲ ಅಥವಾ ನೂಲು ಕಟ್ಟಿದೆ. ಹೊರ ಟಬ್ಬಿನಲ್ಲಿ ನಿಂತ ನೀರು ಸೀಲಿನ ಮೇಲೂ ಒತ್ತುತ್ತದೆ.

ಖರ್ಚಿನ ಲೆಕ್ಕ

ಸೀಲ್ ಸಾಮಾನ್ಯವಾಗಿ ಕೆಲವು ನೂರು ರೂಪಾಯಿಯೊಳಗೆ ಮುಗಿಯುವ ಸಾಮಾನು, ಮೇಲೆ ಕೂಲಿ. ಮೋಟಾರ್ ಓಡಿಸಿ ಕೇಳಿದಾಗ ಸದ್ದಿಲ್ಲದಿದ್ದರೆ ಸೀಲ್ ಮತ್ತು ಬ್ರೇಕ್ ಇಷ್ಟಕ್ಕೇ ನಿಲ್ಲಿಸಿ. ಮೋಟಾರ್ ಗರಗರ ಎಂದರೆ, ಬಾಲ್ ಬೇರಿಂಗ್ ಇರುವ ಮೋಟಾರಾದರೆ ಬೇರಿಂಗ್ ಮಾತ್ರ ಬದಲಾಯಿಸಬಹುದು, ಬೇರಿಂಗಿನ ಮೈಮೇಲೆ ನಂಬರ್ ಇರುತ್ತದೆ, ಅದೇ ನಂಬರಿನದು ಹಾಕಿಸಿ. ಶಾಫ್ಟ್ ತುಕ್ಕು ಹಿಡಿದು ತೆಳ್ಳಗಾಗಿದ್ದರೆ ಅಥವಾ ಬುಷ್ ಮೋಟಾರಿನಲ್ಲಿ ಶಾಫ್ಟ್ ಅಡ್ಡಡ್ಡ ಅಲುಗುತ್ತಿದ್ದರೆ ರಿಪೇರಿ ಹೆಚ್ಚು ದಿನ ಬರುವುದಿಲ್ಲ, ಹೊಸ ಮೋಟಾರೇ ಲೇಸು. ಆಗಲೂ ಸೀಲ್ ಜೊತೆಗೇ ಬದಲಾಗಬೇಕು, ಇದನ್ನು ಮೊದಲೇ ಮಾತಾಡಿಕೊಳ್ಳಿ. ಹೊಸ ಮೋಟಾರಿನ ವೈಂಡಿಂಗ್ ತಾಮ್ರದ್ದೋ ಅಲ್ಯೂಮಿನಿಯಂದೋ ಎಂದು ಕೇಳಿ, ಬೆಲೆ ಅದರ ಮೇಲೆ ಹೋಗುತ್ತದೆ.

ಹೊಸ ಮಷಿನ್ ಯೋಚಿಸಬೇಕಾದದ್ದು ಎರಡೇ ಸಂದರ್ಭದಲ್ಲಿ: ಸ್ಪ್ರಿಂಗ್ ಕೂರುವ ಜಾಗದಲ್ಲಿ ಪ್ಲಾಸ್ಟಿಕ್ ತಳ ಬಿರುಕು ಬಿಟ್ಟಿದ್ದರೆ, ಅಥವಾ ಶಾಫ್ಟ್, ಟಬ್, ಮೋಟಾರ್ ಮೂರೂ ಒಟ್ಟಿಗೆ ಬದಲಾಗಬೇಕೆಂದರೆ. ಒಗೆಯುವ ಕಡೆ ಚೆನ್ನಾಗಿರುವ ಆರು ವರ್ಷದ ಮಷಿನ್ನನ್ನು ಒಂದು ಸೀಲಿಗಾಗಿ ಗುಜರಿಗೆ ಹಾಕುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಬೇರೆ ರಿಪೇರಿಯವರನ್ನು ಕರೆಸಿ, ಫೋನಿನಲ್ಲೇ ಮಾಡೆಲ್ ನಂಬರ್ ಕೊಟ್ಟು "ಸ್ಪಿನ್ ಸೀಲ್ ಮತ್ತು ಬ್ರೇಕ್ ಶೂ ತನ್ನಿ, ಟಬ್ ಬಿಚ್ಚಿ ಮೋಟಾರ್ ಒಂದನ್ನೇ ಓಡಿಸಿ ತೋರಿಸಬೇಕು" ಎಂದು ಹೇಳಿ. ಮುಚ್ಚಳದ ಸ್ವಿಚ್ಚನ್ನು ತಪ್ಪಿಸಿ ಕರೆಂಟ್ ನೇರ ಮಾಡಿಬಿಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಮುಚ್ಚಳ ತೆಗೆದಾಗ ಕರೆಂಟ್ ಕಡಿಯುವುದು ಆ ಸ್ವಿಚ್ಚೇ.